ಕಾಣದ ಊರಿನಲ್ಲಿ ನಾನು ಬಿಟ್ಟ ಹೆಸರು

ಹದಿನೆಂಟು ವರ್ಷ ನಾನು ಒಂದು ಊರಿನ ಹಳೆಯ ವಾರಪತ್ರಿಕೆ ಓದಿ ಸಂಬಳ ತೆಗೆದುಕೊಂಡೆ. ಊರು ಕೆನಡಾದ್ದು, ಪ್ರೇರಿ ಎಂದು ಕರೆಯುವ ಗೋಧಿ ಬಯಲಿನ ನಡುವೆ ಇರುವಂಥದ್ದು. ನಾನು ಕೂತಿದ್ದದ್ದು ಸಿಡ್ನಿಯಲ್ಲಿ. ಆ ಊರನ್ನು ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಮಂಡಿನೋವಿನವಳಿಗೆ ಮೈನಸ್ ಮೂವತ್ತು ಡಿಗ್ರಿ ಯಾಕೆ ಬೇಕು ಹೇಳಿ. ಆದರೆ ಅಲ್ಲಿ ಯಾರ ಹಸು ಯಾರ ತೋಟಕ್ಕೆ ನುಗ್ಗಿತು, ಯಾವ ಹುಡುಗಿ ಯಾರನ್ನು ಒಲ್ಲೆ ಎಂದು ಯಾರನ್ನು ಕಟ್ಟಿಕೊಂಡಳು, ಕೇಳಿ, ತಕ್ಷಣ ಹೇಳುತ್ತೇನೆ. ಸಿಡ್ನಿಯ ನಮ್ಮ ಬಡಾವಣೆ ದಿ ಪಾಂಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವರ ಹೆಸರು ತಿಳಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು, ಅದು ಬೇರೆ ಮಾತು.

ಆಫೀಸಿನಲ್ಲಿ ನನ್ನ ಜಾಗಕ್ಕೆ ಬಂದಿರುವ ಪೂರ್ಣಿಮಾ ದಾವಣಗೆರೆಯ ಹುಡುಗಿ. "ಆಂಟಿ, ಈಗ ಮೆಶೀನೇ ಅರ್ಧ ಓದ್‌ಬಿಡತ್ತೆ, ನೀವೆಲ್ಲ ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಎಂದು ಒಂದು ದಿನ ಕೇಳಿದಳು. ಕೊಂಕಿನಿಂದಲ್ಲ, ನಿಜವಾಗಿ ತಿಳಿಯುವುದಕ್ಕೇ ಕೇಳಿದಳು. ಆದರೂ ನನಗೆ ಸ್ವಲ್ಪ ಉರಿಯಿತು. ಅವಳಿಗಾಗಿ, ಅವಳ ಹಿಂದೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಸೀನಿಯರ್ ಆದದ್ದು, ಟೀಮ್ ಲೀಡ್ ಆದದ್ದು ಯಾವುದೂ ಇದರಲ್ಲಿ ಇಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪು ಮಾತ್ರ ಇದೆ.

ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿದವಳು ನಾನು. ನಮ್ಮೆಜಮಾನರ ಹಿಂದೆ ಇಲ್ಲಿಗೆ ಬಂದು, ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಎರಡು ರೂಮಿನ ಬಾಡಿಗೆ ಫ್ಲ್ಯಾಟ್‌ನಲ್ಲಿ ಕೂತು ಎಲ್ಲ ಲೈಬ್ರರಿಗಳಿಗೂ ಅರ್ಜಿ ಹಾಕಿದೆ. ಎಲ್ಲರೂ ಕೇಳಿದ್ದು ಒಂದೇ, ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ ಎಂದು. ಕೊನೆಗೆ ಕರೆದದ್ದು ಹಳೆಯ ಪತ್ರಿಕೆಗಳನ್ನು ಕಂಪ್ಯೂಟರಿಗೆ ಏರಿಸುವ ಒಂದು ಸಣ್ಣ ಕಂಪನಿ. ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲದವಳಿಗೆ ಅವರು ಕೊಟ್ಟದ್ದು ಭೂಮಿಯ ಇನ್ನೊಂದು ತುದಿಯ ಲೋಕಲ್ ಸುದ್ದಿ. ಇದಕ್ಕೆ ನಗದೆ ಇನ್ನೇನು ಮಾಡಲಿ?

ಕೆಲಸ ಹೀಗಿತ್ತು. ಪತ್ರಿಕೆಯ ಮೂಲ ಪ್ರತಿಗಳು ಎಂದೋ ಹಾಳಾಗಿದ್ದವು. ಉಳಿದಿದ್ದದ್ದು ಅದರ ಪುಟಗಳ ಫೋಟೋ ಇದ್ದ ಫಿಲ್ಮ್ ರೋಲುಗಳು ಮಾತ್ರ, ಅವೂ ಗೀರುಬಿದ್ದಂಥವು. ಆ ಮಬ್ಬಿನಲ್ಲಿ ಯಂತ್ರಕ್ಕೆ ಒಂದು ಸಾಲೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಮನುಷ್ಯರೇ ಕೂತು, ಪುಟದಲ್ಲಿ ಬಂದ ಪ್ರತಿಯೊಂದು ಹೆಸರನ್ನೂ ತೆಗೆದು, ಯಾವ ಸಂಚಿಕೆ, ಯಾವ ಪುಟ, ಯಾವ ಅಂಕಣ, ಏನು ವಿಷಯ ಎಂದು ಬರೆಯಬೇಕು. ಅದೇ ಇಂಡೆಕ್ಸ್. ಮುಂದೆ ಯಾರಾದರೂ ತಮ್ಮ ಅಜ್ಜನ ಹೆಸರು ಹುಡುಕಿದರೆ ನಾವು ಬರೆದದ್ದಷ್ಟೇ ಅವರಿಗೆ ಸಿಗುತ್ತದೆ. ನಾವು ಬರೆಯದೆ ಬಿಟ್ಟ ಮನುಷ್ಯ ಆ ಊರಿನಲ್ಲಿ ಇರಲೇ ಇಲ್ಲ ಎಂದು ಲೆಕ್ಕ.

ನನ್ನ ಮೇಲಧಿಕಾರಿ ಗ್ರೆಗ್. ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸಿ ಬೆಳೆದ ಮನುಷ್ಯ, ಆರಡಿ ಎತ್ತರ, ಮಾತು ತೀರಾ ಕಡಿಮೆ. ಮೊದಲನೇ ದಿನ ಅವರು ಹೇಳಿಕೊಟ್ಟದ್ದು ಒಂದೇ ನಿಯಮ, ಇದ್ದದ್ದನ್ನು ಇದ್ದ ಹಾಗೆ. ಇಷ್ಟೇನಾ ಎಂದುಕೊಂಡೆ. ಅಷ್ಟನ್ನು ಪಾಲಿಸುವುದು ಎಷ್ಟು ಕಷ್ಟ ಎಂದು ತಿಳಿಯುವುದಕ್ಕೆ ನನಗೆ ಪೂರ್ತಿ ನೌಕರಿಯೇ ಬೇಕಾಯಿತು.

ಮೊದಲ ತಿಂಗಳೇ ಎಡವಟ್ಟು ಮಾಡಿದೆ. ಆ ಊರಿನ ಬೇಕರಿಯವನು ಒಂದು ವಾರ ತೀರಿಕೊಂಡ, ಊರಿಗೆ ಊರೇ ಶವಯಾತ್ರೆಗೆ ಬಂತು. ಮುಂದಿನ ಚಳಿಗಾಲ ನೋಡಿದರೆ ಅದೇ ಹೆಸರಿನವನು ಐಸ್ ಹಾಕಿ ಟೀಮಿನ ಕ್ಯಾಪ್ಟನ್ ಆಗಿ ಗೋಲು ಹೊಡೆಯುತ್ತಿದ್ದಾನೆ. ಪತ್ರಿಕೆಯವರದೇ ತಪ್ಪು ಎಂದು ಷರಾ ಬರೆದು ಗ್ರೆಗ್‌ಗೆ ಕಳಿಸಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ತಂದೆಯ ಹೆಸರನ್ನೇ ಮಗನಿಗೂ ಇಡುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು ಉಂಟು. ಆದರೆ ಅಪ್ಪ ಎದುರಿಗೆ ಕೂತು ಊಟ ಮಾಡುತ್ತಿರುವಾಗ ಅದೇ ಹೆಸರು ಹಿಡಿದು ಮಗನನ್ನು ಗದರುವುದು ಎಂದಾದರೂ ಉಂಟೇ?

ಆಮೇಲೆ ಆ ಊರು ನನ್ನನ್ನು ಹಿಡಿದುಕೊಂಡುಬಿಟ್ಟಿತು. ನಾಲ್ಕು ಬೀದಿ, ಒಂದು ರೈಲು ನಿಲ್ದಾಣ, ಆಕಾಶಕ್ಕೆ ಎದ್ದು ನಿಂತ ಮರದ ಗೋಧಿ ಕಣಜಗಳು. ಅಲ್ಲಿನ ಸಂಪಾದಕ ಒಬ್ಬನೇ ಸುದ್ದಿ ಬರೆದು, ಮೊಳೆ ಜೋಡಿಸಿ, ಅಚ್ಚು ಹಾಕಿ, ಹಿಮದಲ್ಲಿ ನಡೆದು ಹಂಚುತ್ತಿದ್ದ. ಭಾನುವಾರ ಯಾರ ಮನೆಗೆ ಯಾರು ಚಹಾಕ್ಕೆ ಹೋದರು ಎಂಬುದನ್ನೂ ಬಿಡುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಅವನು ಒಂದೇ ಒಂದು ವಾರ ಪತ್ರಿಕೆ ನಿಲ್ಲಿಸಿದ, ಅದು ಹೆಂಡತಿ ಸತ್ತ ವಾರ. ಅದರ ಮುಂದಿನ ಸಂಚಿಕೆಯಲ್ಲಿ ಹಿಂದಿನ ವಾರ ಪತ್ರಿಕೆ ಬಾರದಿದ್ದಕ್ಕೆ ಕ್ಷಮೆ ಕೇಳಿದ್ದ. ಅದನ್ನು ಓದಿ ನಾನು ಆಫೀಸಿನಲ್ಲೇ ಅತ್ತಿದ್ದೆ.

ಕ್ವಾನ್ ಎಂಬ ಚೀನೀಯನೊಬ್ಬ ಅಲ್ಲಿ ಕೆಫೆ ನಡೆಸುತ್ತಿದ್ದ. ಎಷ್ಟೋ ವರ್ಷ ಪತ್ರಿಕೆಯಲ್ಲಿ ಅವನಿಗೆ ಹೆಸರೇ ಇಲ್ಲ, ಬರೀ ಕೆಫೆಯವನು. ಒಂದು ಹಿಮಗಾಳಿಯಲ್ಲಿ ರೈಲು ಊರಿನ ಹೊರಗೆ ಹೂತುಹೋದಾಗ ಅವನು ಮೂರು ದಿನ ಪ್ರಯಾಣಿಕರಿಗೆಲ್ಲ ಅಡುಗೆ ಮಾಡಿ ಜಾರುಗಾಡಿಯಲ್ಲಿ ಸಾಗಿಸಿದ. ಆ ವಾರ ಮೊದಲ ಸಲ ಅವನ ಪೂರ್ತಿ ಹೆಸರು ಅಚ್ಚಾಯಿತು. ಇಂಡೆಕ್ಸಿನಲ್ಲಿ ನಾನು ಹಿಂದಕ್ಕೆ ಹೋಗಿ, ಬರೀ ಕೆಫೆಯವನು ಎಂದಿದ್ದ ಕಡೆಯೆಲ್ಲ ಅವನ ಹೆಸರನ್ನು ಜೋಡಿಸಿದೆ. ಹೆಂಗಸರ ಕಥೆಯೂ ಹೀಗೇ ಇತ್ತು. ಮದುವೆಯಾದ ಮೇಲೆ ಅವರೆಲ್ಲ ಮಿಸೆಸ್ ಇಂಥವನು, ಅಷ್ಟೇ. ಮದುವೆ ಸುದ್ದಿ, ಹೆರಿಗೆ ಸುದ್ದಿ, ಸಾವಿನ ಸುದ್ದಿ ಎಲ್ಲ ತಾಳೆ ಹಾಕಿ ಒಬ್ಬೊಬ್ಬಳ ಸ್ವಂತ ಹೆಸರನ್ನು ಹುಡುಕಿ ತೆಗೆದೆ. ಯಾರ ಮಗಳು, ಯಾರ ಸೊಸೆ ಎಂದು ನೆನಪಿಡುವುದು ಮೈಸೂರಿನ ಮದುವೆ ಮನೆಗಳಲ್ಲಿ ಬೆಳೆದವಳಿಗೆ ಏನು ಮಹಾ? ಗ್ರೆಗ್ ಅದನ್ನು ಎಲ್ಲ ಪ್ರಾಜೆಕ್ಟುಗಳಿಗೂ ನಿಯಮ ಮಾಡಿದರು. ನನಗೆ ಕೊಂಬು ಬಂದದ್ದು ಆಗಲೇ.

ಈಗ ಆ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಒಂದು ಸಂಚಿಕೆಯ ಐದನೇ ಪುಟದಲ್ಲಿ ಕೋರ್ಟಿನ ಸುದ್ದಿ ಇತ್ತು. ಊರಿನ ಶಾಲೆಯ ಮೇಡಂ, ಮಿಸ್ ವಿನಿಫ್ರೆಡ್ ಕ್ಲೇಟನ್, ಇಪ್ಪತ್ತೆರಡು ವರ್ಷ, ರೈಲ್ವೆಯ ಕಲ್ಲಿದ್ದಲು ಕದ್ದ ಆರೋಪವನ್ನು ಒಪ್ಪಿಕೊಂಡಳು. ಎಚ್ಚರಿಕೆ ಕೊಟ್ಟು ಬಿಟ್ಟರು. ಮುಂದಿನ ವಾರ ಶಾಲಾ ಮಂಡಳಿ ಹೊಸ ಮೇಡಂ ಬೇಕೆಂದು ಜಾಹೀರಾತು ಕೊಟ್ಟಿತ್ತು. ನಾನು ಕೀಬೋರ್ಡಿನಿಂದ ಕೈ ತೆಗೆದೆ. ಮದುವೆಯಾಗದ ಹುಡುಗಿ, ಅದರಲ್ಲೂ ಪಾಠ ಹೇಳುವವಳು. ಇವಳ ಹೆಸರಿನ ಪಕ್ಕ ನಾನು ಕಳ್ಳತನ ಎಂದು ಬರೆದರೆ ಅದು ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ. ನಾಳೆ ಇವಳ ಮೊಮ್ಮಕ್ಕಳು ಹೆಸರು ಟೈಪ್ ಮಾಡಿದರೆ ಮೊದಲು ಕಾಣುವುದು ಅದೇ. ನಮ್ಮ ಮನೆಯಲ್ಲೂ ಹೀಗೊಂದು ಆಗಿತ್ತು. ನನ್ನ ಸೋದರತ್ತೆ ಗಂಡನ ಮನೆಯವರ ಮೇಲೆ ದೂರು ಕೊಟ್ಟದ್ದು ಪತ್ರಿಕೆಯಲ್ಲಿ ಹೆಸರು ಸಮೇತ ಬಂದಾಗ, ತಾತ ಬೀದಿಯ ಮನೆಮನೆಗೆ ಹೋಗಿ ಆ ದಿನದ ಪೇಪರುಗಳನ್ನು ಬೇಡಿ ತಂದು ಬಚ್ಚಲ ಒಲೆಗೆ ಹಾಕಿದ್ದರು. ಮಾನವಂತರ ಮನೆಯಲ್ಲಿ ಹೆಣ್ಣುಮಕ್ಕಳನ್ನು ಕಾಪಾಡುವುದು ಹೀಗೆ ಎಂದೇ ನಾನು ಕಲಿತದ್ದು. ಇವಳನ್ನು ನಾನು ಕಾಪಾಡದೆ ಇನ್ಯಾರು ಕಾಪಾಡಬೇಕು? ಆ ಹೆಸರನ್ನು ಬಿಟ್ಟುಬಿಟ್ಟೆ. ಪುಟ ತಿರುವಿದೆ. ನಿಜ ಹೇಳುತ್ತೇನೆ, ಆ ದಿನ ಮನೆಗೆ ಹೋಗುವಾಗ ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನವಿತ್ತು.

ವರ್ಷಗಳು ಕಳೆದವು. ಇಂಡೆಕ್ಸ್ ಮುಗಿದು ಆನ್‌ಲೈನ್ ಆಯಿತು. ನಾನು ಬೇರೆ ಊರಿನ ಪತ್ರಿಕೆಗಳಿಗೆ ಹೋಗಿ ಆಗಲೇ ಆರು ವರ್ಷವಾಗಿದ್ದಿರಬೇಕು, ನನ್ನ ರಿಟೈರ್‌ಮೆಂಟಿಗೆ ಮೂರು ತಿಂಗಳಿತ್ತು, ಆಗ ಮೆಲ್ಬರ್ನಿನ ಪಾಯಿಂಟ್ ಕುಕ್‌ನಿಂದ ಒಂದು ಪತ್ರ ಬಂತು. ಇಮೇಲ್ ಅಲ್ಲ, ಕಾಗದದ ಪತ್ರ. ಬರೆಸಿದವರು ಮಾರ್ಗರೆಟ್ ಎಂಬಾಕೆ, ಎಪ್ಪತ್ತೊಂಬತ್ತು ವರ್ಷ, ಕಣ್ಣು ಮಂಜಾಗಿದೆ, ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಬರೆಸಿದ್ದರು. ಅವರ ತಾಯಿ ಆ ಊರಿನಲ್ಲಿ ಮೇಡಂ ಆಗಿದ್ದರಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ನಡೆಸಲು ಕಲಿಯುವುದಕ್ಕೆ ಆ ಬಯಲಿಗೆ ಹೋಗಿದ್ದ ಆಸ್ಟ್ರೇಲಿಯಾದ ಹುಡುಗನೊಬ್ಬನನ್ನು ಮದುವೆಯಾಗಿ ಮೆಲ್ಬರ್ನಿಗೆ ಬಂದರಂತೆ. ಶಾಲೆಯ ಮಕ್ಕಳು ಚಳಿಯಲ್ಲಿ ನಡುಗುವುದನ್ನು ನೋಡಲಾರದೆ ತಾನು ರೈಲ್ವೆಯ ಕಲ್ಲಿದ್ದಲು ಹೊತ್ತು ತಂದೆ, ಅದಕ್ಕೆ ಕೆಲಸ ಕಳೆದುಕೊಂಡೆ ಎಂದು ತಾಯಿ ಜೀವನವೆಲ್ಲ ಹೇಳುತ್ತಿದ್ದರಂತೆ. ಮನೆಯಲ್ಲಿ ಯಾರೂ ನಂಬಲಿಲ್ಲ. ಈಗ ಆ ಊರಿನವರು ತಮ್ಮ ಹಳೆಯ ರೈಲು ನಿಲ್ದಾಣವನ್ನು ಮ್ಯೂಸಿಯಂ ಮಾಡಿ, ಅದರ ಗೋಡೆಯ ಮೇಲೆ ಊರಿನ ಹನ್ನೆರಡು ಮುಖ್ಯ ಜನರ ಚಿತ್ರ ಹಾಕುತ್ತಿದ್ದಾರೆ. ಮಾರ್ಗರೆಟ್ ತಾಯಿಯ ಹೆಸರು ಕಳಿಸಿದ್ದರು. ಸಮಿತಿಯವರು ಮರ್ಯಾದೆಯಿಂದಲೇ ಉತ್ತರ ಬರೆದಿದ್ದರು: ನಮ್ಮ ಊರಿನ ಪತ್ರಿಕೆಯ ಇಂಡೆಕ್ಸಿನಲ್ಲಿ ಆ ಘಟನೆಯ ಸುಳಿವೇ ಇಲ್ಲ, ಕ್ಷಮಿಸಿ. ಪತ್ರದ ಕೊನೆಗೆ ಮಾರ್ಗರೆಟ್ ಒಂದೇ ಪ್ರಶ್ನೆ ಕೇಳಿದ್ದರು. ನಿಮ್ಮ ಇಂಡೆಕ್ಸ್ ಪೂರ್ತಿಯಾಗಿದೆಯೇ, ಅಥವಾ ನನ್ನ ತಾಯಿ ಸುಳ್ಳು ಹೇಳಿದಳೇ?

ವಿನಿಫ್ರೆಡ್ ಕ್ಲೇಟನ್, ಐದನೇ ಪುಟ, ಮೂರನೇ ಅಂಕಣ. ಒಂದಿಷ್ಟೂ ಮರೆತಿರಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು, "ಅಲ್ವೇ ಸುಮಿ, ಇದಕ್ಯಾಕಿಷ್ಟು ತಲೆ ಕೆಡಿಸ್ಕೋತೀಯ? ನಾಳೆ ಹೋಗಿ ಸುಮ್ನೆ ಆ ಹೆಸರು ಸೇರಿಸ್ಬಿಡು. ಸಿಸ್ಟಮ್ ನಿನ್ ಕೈಲೇ ಇದೆ, ಯಾರಿಗ್ ಗೊತ್ತಾಗತ್ತೆ?" ಎಂದರು. ಕೆಟ್ಟ ಸಲಹೆ ಎಂದು ನಾನು ಆಗ ಅಂದುಕೊಳ್ಳಲಿಲ್ಲ. ಮರುದಿನ ಬೇಗ ಹೋಗಿ ಸ್ಕ್ರೀನ್ ತೆರೆದು ಹೆಸರನ್ನು ಟೈಪ್ ಕೂಡ ಮಾಡಿದೆ. ಆದರೆ ಹೀಗೆ ಕಳ್ಳದಾರಿಯಲ್ಲಿ ಸೇರಿಸಿದರೆ ಆ ಮಾರ್ಗರೆಟ್ಟಿಗೆ ಏನೆಂದು ಉತ್ತರ ಬರೆಯುವುದು? ಇತ್ತು, ನೀವು ನೋಡಿದಾಗ ಕಾಣಲಿಲ್ಲ ಎಂದೇ? ಇಷ್ಟು ವರ್ಷ ಆಕೆಯ ತಾಯಿಯನ್ನು ಸುಳ್ಳಿ ಮಾಡಿದ್ದು ಸಾಲದೆ ಈಗ ಕಣ್ಣು ಕಾಣದ ಮುದುಕಿಯನ್ನೂ ಸುಳ್ಳಿ ಮಾಡಬೇಕೇ? ಟೈಪ್ ಮಾಡಿದ್ದನ್ನು ಅಳಿಸಿ ಗ್ರೆಗ್ ಅವರ ರೂಮಿಗೆ ಹೋದೆ.

ಎಲ್ಲವನ್ನೂ ಹೇಳಿದೆ, ಸೋದರತ್ತೆಯ ವಿಷಯವನ್ನೂ ಸೇರಿಸಿ. ಬೈಯುತ್ತಾರೆ, ಬೈದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಗ್ರೆಗ್ ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಕೇಳಿದರು:

"ಇನ್ನು ಎಷ್ಟು ಜನರನ್ನು ಹೀಗೆ ಬಿಟ್ಟಿದ್ದೀಯ, ಸುಮಿತ್ರಾ?"

ವಿನಿಫ್ರೆಡ್ ಒಬ್ಬಳೇ ಅಲ್ಲ ಎಂದು ನನಗೆ ಗೊತ್ತಿತ್ತು. ಪುಣ್ಯದ ಕೆಲಸಕ್ಕೆ ಒಮ್ಮೆ ರುಚಿ ಹತ್ತಿದ ಮೇಲೆ ಅಲ್ಲೊಬ್ಬಳು ಇಲ್ಲೊಬ್ಬಳನ್ನು ಹಾಗೇ ಬಿಟ್ಟಿದ್ದೆ. ಯಾರು ಯಾರೆಂದು ನೆನಪಿರಲಿಲ್ಲ. ಗೊತ್ತಿಲ್ಲ ಎಂದೆ. ಆ ಮೂರಕ್ಷರ ಹೇಳುವಾಗ ಆದ ನಾಚಿಕೆ ನನಗೆ ಈ ದೇಶದಲ್ಲಿ ಇನ್ಯಾವಾಗಲೂ ಆಗಿಲ್ಲ. ಗ್ರೆಗ್ ಒಂದು ಹಾಳೆ ಮುಂದಿಟ್ಟು, ಊರಿನ ಸಮಿತಿಗೆ ನೀನೇ ಬರಿ, ಕಂಪನಿಯ ಹೆಸರಿನಲ್ಲಲ್ಲ, ನಿನ್ನ ಹೆಸರಿನಲ್ಲಿ ಸಹಿ ಮಾಡು ಎಂದರು. ಬರೆದೆ. ಒಬ್ಬ ಮೇಲಧಿಕಾರಿ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಬೆಳಗ್ಗೆಯನ್ನೇ ಹೇಳುತ್ತೇನೆ. ಅವರು ನನ್ನ ತಪ್ಪನ್ನು ಮುಚ್ಚಿಡಲೂ ಇಲ್ಲ, ಅದನ್ನು ಹಿಡಿದು ನನ್ನನ್ನು ಹೊಸಕಿ ಹಾಕಲೂ ಇಲ್ಲ.

ಮಾರ್ಗರೆಟ್ಟಿಗೆ ಪತ್ರ ಬರೆದರೆ ಸಾಲದು ಅನ್ನಿಸಿತು. ಆ ಪುಟವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿಕೊಂಡು ಶನಿವಾರದ ವಿಮಾನಕ್ಕೆ ಮೆಲ್ಬರ್ನಿಗೆ ಹೋದೆ. ಪಾಯಿಂಟ್ ಕುಕ್‌ನ ಆ ಬೀದಿಯಲ್ಲಿ ಎರಡು ಬಾಗಿಲಿಗೆ ಮಾವಿನೆಲೆ ತೋರಣವಿತ್ತು, ನಡುವಿನ ಮನೆ ಅವರದು. ಸಣ್ಣ ಆಕೃತಿ, ನೆಟ್ಟಗಿನ ಬೆನ್ನು, ಅಪ್ಪಟ ಮೇಡಂ ಮಗಳು. ನನ್ನನ್ನು ಕೂರಿಸಿ, ಟೀ ತಾನೇ ಮಾಡುತ್ತೇನೆ, ಕಪ್ಪು ಎಲ್ಲಿದೆ ಎಂದು ಕೈಗೆ ಗೊತ್ತಿದೆ ಎಂದು ಹಟ ಹಿಡಿದು ಮಾಡಿ ತಂದರು. ಆಮೇಲೆ ಓದಿ ಎಂದರು.

ಓದಿದೆ. ಮಂಡಳಿಯವರು ಶಾಲೆಗೆ ಕ್ರಿಸ್‌ಮಸ್ಸಿನವರೆಗೆ ಮಾತ್ರ ಕಲ್ಲಿದ್ದಲು ಕೊಟ್ಟಿದ್ದರು. ಆಮೇಲೆ ಹಿಮಗಾಳಿ ಎದ್ದಿತ್ತು. ಮಿಸ್ ಕ್ಲೇಟನ್ ಮೂರು ದಿನ ನಿಲ್ದಾಣದ ರಾಶಿಯಿಂದ ದಿನಕ್ಕೊಂದು ಬಕೆಟ್ ಹೊತ್ತಿದ್ದಳು, ನಾಲ್ಕನೇ ದಿನ ರೈಲ್ವೆ ಕಾವಲಿನವನ ಕೈಗೆ ಸಿಕ್ಕಳು. ಏನಾದರೂ ಹೇಳುವುದಿದೆಯೇ ಎಂದು ಮ್ಯಾಜಿಸ್ಟ್ರೇಟರು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಆ ಸಂಪಾದಕ, ಅವನ ಹೊಟ್ಟೆ ತಣ್ಣಗಿರಲಿ, ಒಂದಕ್ಷರ ಬಿಡದೆ ಅಚ್ಚು ಹಾಕಿದ್ದ: "ಮಕ್ಕಳು ಕೈಗವಸು ಹಾಕಿಕೊಂಡೇ ಅಕ್ಷರ ತಿದ್ದುತ್ತಿದ್ದರು. ಕದ್ದದ್ದು ನಿಜ. ಇನ್ನೂ ಚಳಿ ಇದ್ದರೆ ಇನ್ನೂ ಕದಿಯುತ್ತೇನೆ."

ಮಾರ್ಗರೆಟ್ ಸಣ್ಣಗೆ ನಕ್ಕರು. ಅಮ್ಮ ಈ ಕಥೆ ಹೇಳಿದಾಗಲೆಲ್ಲ ಒಂದು ಬಕೆಟ್ ಜಾಸ್ತಿ ಆಗುತ್ತದೆ ಎಂದು ಅವರ ಅಣ್ಣ ಊಟದ ಮೇಜಿನಲ್ಲಿ ಎಲ್ಲರೆದುರಿಗೆ ಛೇಡಿಸುತ್ತಿದ್ದನಂತೆ, ತಾಯಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರಂತೆ. ಕೊನೆಕೊನೆಗೆ ಆ ಕಥೆಯನ್ನು ಹೇಳುವುದನ್ನೇ ಬಿಟ್ಟಿದ್ದರಂತೆ.

ಇದು ಇಷ್ಟು ದಿನ ಯಾಕೆ ಸಿಗಲಿಲ್ಲ ಎಂದು ಅವರು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ತಾಯಿಯ ಮಾನ ಕಾಪಾಡಲು ಹೋಗಿ ಹೀಗೆ ಮಾಡಿದೆ, ನನ್ನದೇ ತಪ್ಪು, ಕ್ಷಮಿಸಿ ಎಂದೆ.

"ನನ್ನ ಅಣ್ಣ ಹೋದ ಜುಲೈನಲ್ಲಿ ತೀರಿಕೊಂಡ," ಎಂದರು ಮಾರ್ಗರೆಟ್. "ಅವನು ನಿಮ್ಮ ಇಂಡೆಕ್ಸಿನಲ್ಲಿ ತಾನೇ ಹುಡುಕಿದ್ದ. ನೋಡು, ಏನೂ ಇಲ್ಲ, ನಾನು ಹೇಳಲಿಲ್ಲವೇ ಅಂದಿದ್ದ. ಅಮ್ಮ ಸುಳ್ಳು ಹೇಳುತ್ತಿದ್ದಳು ಎಂದುಕೊಂಡೇ ಹೋದ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನಾನು ಬದುಕುತ್ತಿದ್ದೆ. ಟೀ ಆರಿಹೋಗಿತ್ತು, ಅದನ್ನೇ ಕುಡಿದೆ. ಹೊರಡುವಾಗ ಅವರು ಬಾಗಿಲವರೆಗೆ ಬಂದು, ಬಂದದ್ದು ಒಳ್ಳೆಯದಾಯಿತು ಎಂದು ನನ್ನ ಕೈ ಹಿಡಿದುಕೊಂಡರು. ಏರ್‌ಪೋರ್ಟಿನ ದಾರಿಯುದ್ದಕ್ಕೂ ಟ್ಯಾಕ್ಸಿಯಲ್ಲಿ ಅತ್ತೆ. ಪಂಜಾಬಿ ಡ್ರೈವರ್, ಪಾಪ, ರೇಡಿಯೋ ಆಫ್ ಮಾಡಿ ನೀರಿನ ಬಾಟಲಿ ಕೊಟ್ಟ.

ಗ್ರೆಗ್ ಅವರ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿರಲಿಲ್ಲವಲ್ಲ. ರಿಟೈರ್ ಆದ ಮೇಲೆ ಅವರ ಒಪ್ಪಿಗೆ ಪಡೆದು ವಾರಕ್ಕೆ ಎರಡು ದಿನ ಹೋಗಿ, ಮೊದಲನೇ ರೋಲಿನಿಂದ ಮತ್ತೆ ಓದುತ್ತಿದ್ದೇನೆ. ಇದುವರೆಗೆ ನಾನು ಬಿಟ್ಟಿದ್ದ ನಾಲ್ವರು ಸಿಕ್ಕಿದ್ದಾರೆ. ಒಬ್ಬಳು ಕುಡಿದು ಬಂದ ಗಂಡನನ್ನು ಹಿಮದಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡವಳು. ಒಬ್ಬಳು ಮದುವೆಯ ಹಿಂದಿನ ದಿನ ರೈಲು ಹತ್ತಿ ಹೋದವಳು. ಇನ್ನಿಬ್ಬರದು ನನಗೂ ದೇವರಿಗೂ ಸರಿಯೆನ್ನಿಸದ ಕೆಲಸ, ಆದರೆ ಅದನ್ನು ತೂಗುವುದು ನನ್ನ ಕೆಲಸವಲ್ಲ. ನಾಲ್ವರನ್ನೂ ಬರೆದಿದ್ದೇನೆ. ಈಗ ಯಂತ್ರ ಓದುವಾಗ ಅದಕ್ಕೆ ಕರುಣೆಯೂ ಇಲ್ಲ, ನಾಚಿಕೆಯೂ ಇಲ್ಲ. ಇದ್ದ ಹೆಸರನ್ನೆಲ್ಲ ಎತ್ತಿಕೊಡುತ್ತದೆ. ಆದರೆ ಅದು ಕೊಟ್ಟದ್ದನ್ನು ಕೊನೆಗೆ ನೋಡಿ ಸರಿ ಎನ್ನುವವರು ನೀವು, ಪೂರ್ಣಿಮಾ. ಯಾವುದಾದರೂ ಹೆಸರಿನ ಮೇಲೆ ನಿಮಗೆ ಅಯ್ಯೋ ಪಾಪ ಅನ್ನಿಸಿದರೆ ಅಲ್ಲೇ ಒಂದು ಗಳಿಗೆ ನಿಂತು ನನ್ನನ್ನು ನೆನೆಸಿಕೊಳ್ಳಿ.

ಸಮಿತಿಯವರು ನನ್ನ ಪತ್ರ ನೋಡಿ ವಿನಿಫ್ರೆಡ್ ಅವರನ್ನು ಹನ್ನೆರಡು ಜನರಲ್ಲಿ ಸೇರಿಸಿಕೊಂಡರು. ಚಿತ್ರದ ಕೆಳಗೆ ಹಾಕುವ ಬರಹವನ್ನು ಮೊದಲು ಮಾರ್ಗರೆಟ್ಟಿಗೆ ಕಳಿಸಿದರು. ಅದೇ ಸಂಜೆ ಮಾರ್ಗರೆಟ್ ನನಗೆ ಫೋನ್ ಮಾಡಿದರು, ದನಿ ಗಡುಸಾಗಿತ್ತು. ಕಷ್ಟಕಾಲದಲ್ಲಿ ಶಾಲೆಯ ಮಕ್ಕಳಿಗೆ ನೆರವಾದ ಪ್ರೀತಿಯ ಶಿಕ್ಷಕಿ ಎಂದು ಬರೆದಿದ್ದಾರಂತೆ. ಕಲ್ಲಿದ್ದಲೂ ಇಲ್ಲ, ಕೋರ್ಟೂ ಇಲ್ಲ. ನೀವು ಮಾಡಿದ್ದನ್ನೇ ಇವರೂ ಮಾಡುತ್ತಿದ್ದಾರೆ, ಈಗ ನೀವೇ ಹೇಳಿ ಇವರಿಗೆ ಎಂದರು.

ಆ ಊರಿನವರ ಸಂಕೋಚ ನನಗೆ ಎಷ್ಟು ಚೆನ್ನಾಗಿ ಅರ್ಥವಾಯಿತು ಎಂದು ಬೇರೆ ಹೇಳಬೇಕಿಲ್ಲ. ಕೂತು ಎರಡು ಪುಟ ಬರೆದೆ. ಆಕೆ ಕೋರ್ಟಿನಲ್ಲಿ ನಿಂತು ತಾನೇ ಹೇಳಿದ ಮಾತನ್ನು ನೀವು ಆಕೆಯ ಬಾಯಿಂದ ಕಿತ್ತುಕೊಳ್ಳಬೇಡಿ, ನಾನು ಒಮ್ಮೆ ಕಿತ್ತುಕೊಂಡಿದ್ದೆ, ಅದರಿಂದ ಏನಾಯಿತೆಂದರೆ ಎಂದು ಶುರುಮಾಡಿ ಆ ಅಣ್ಣನ ವಿಷಯವನ್ನೂ ಬರೆದೆ. ಎರಡು ತಿಂಗಳು ಉತ್ತರವಿಲ್ಲ. ಆಮೇಲೆ ಒಂದು ದಿನ ಫೋಟೋ ಬಂತು: ನಿಲ್ದಾಣದ ಗೋಡೆ, ಹನ್ನೆರಡು ಚಿತ್ರ, ಏಳನೆಯವರು ಕ್ವಾನ್, ಎಂಟನೆಯವರು ವಿನಿಫ್ರೆಡ್. ಮಾರ್ಗರೆಟ್ಟಿಗೆ ಫೋನ್ ಮಾಡಿ, ಚಿತ್ರದ ಕೆಳಗಿದ್ದದ್ದನ್ನು ಓದಿದೆ. ವಿನಿಫ್ರೆಡ್ ಕ್ಲೇಟನ್, ಶಿಕ್ಷಕಿ. ರೈಲ್ವೆಯ ಕಲ್ಲಿದ್ದಲು ಕದ್ದಳು. ಆ ಹಿಮಗಾಳಿಯಲ್ಲಿ ಶಾಲೆ ಒಂದು ದಿನವೂ ಮುಚ್ಚಲಿಲ್ಲ.

"ಕದ್ದಳು ಅಂತಲೇ ಇದೆಯಾ?" ಎಂದರು.

"ಅಂತಲೇ ಇದೆ."

ಅವರು, ಸರಿ, ಈಗ ಅಣ್ಣನ ಸಮಾಧಿಗೆ ಹೋಗಿ ಬರುತ್ತೇನೆ ಎಂದು ಫೋನ್ ಇಟ್ಟರು.